ಅಂಕಮ್ಮನ ಜಾಮೀನು

ಅದು ಎಪ್ಪತ್ತನಾಲ್ಕರ ಅವರೆಕಾಯಿ ಕಾಲ. ಮಧ್ಯಾಹ್ನ ಗುತ್ತಲು ಬಡಾವಣೆಯ ನಮ್ಮ ಹಿತ್ತಲಿಗೆ ಪಕ್ಕದ ಮನೆಯ ರಂಗನಾಯಕಿ, ಎದುರು ಮನೆಯ ಅಂಕಮ್ಮ ಬರುತ್ತಿದ್ದರು. ನನ್ನ ಪಾಲಿನ ನೆನೆಸಿದ ಕಾಳನ್ನೂ ಅವರೇ ಹಿಸುಕಬೇಕು, ನಾನು ಲೈಬ್ರರಿಯ ಇಂಗ್ಲಿಷ್ ಕಾದಂಬರಿ ಓದುತ್ತಾ ಕನ್ನಡದಲ್ಲಿ ಹೇಳಬೇಕು. ಇದು ನಮ್ಮ ಒಪ್ಪಂದ.

ಆ ಸಲದ್ದು ಯುದ್ಧ ಮುಗಿದ ಮೇಲಿನ ಲಂಡನ್ನಿನ ಕಥೆ. ಬಾಂಬು ಬಿದ್ದ ಬೀದಿ, ಬಾಡಿಗೆ ಕೋಣೆ, ಮದುವೆಯಿಲ್ಲದೆ ಬಸುರಾದ ಟೈಪಿಸ್ಟ್ ಹುಡುಗಿ. ಸಕ್ಕರೆಗೂ ರೇಷನ್.

“ಸಕ್ರೆಗೂವಾ?” ಅಂಕಮ್ಮನ ಕೈ ನಿಂತಿತು. ಅವಳ ಗದ್ದೆಯ ಕಬ್ಬು ಫ್ಯಾಕ್ಟರಿಗೆ ಹೋಗುತ್ತದೆ. “ನಮ್ಮನ್ನ ಆಳ್ದೋರು ಸಕ್ರೆಗೆ ಸಾಲು ನಿಂತಿದ್ರಾ? ಆ ಬಸ್ರಿಗೆ ಒಂದಚ್ಚು ಬೆಲ್ಲನಾರ ಕಳ್ಸ್ರವ್ವ!”

“ಬೆಲ್ಲ ಆಮೇಲೆ. ಅವಳು ಮಗೂನ ಅನಾಥಾಶ್ರಮಕ್ಕೆ ಕೊಟ್ಟುಬಿಡ್ತಾಳೆ, ನೋಡ್ತಿರಿ,” ಎಂದಳು ರಂಗನಾಯಕಿ.

“ಕೊಡಾಕಿಲ್ಲ ಬುಡಿ. ಒಬ್ಳೇ ಕೋಣೆ ಇಡ್ದೋಳು ಮಗೀನ ಬುಟ್ಟಾಳಾ?”

ಮೂರು ದಿನ ಇದೇ ಜಗಳ. ಇನ್ನೆರಡು ಅಧ್ಯಾಯ ಉಳಿದಿದ್ದಾಗ ಪುಸ್ತಕ ಕಾಣೆಯಾಯಿತು.

“ವಾಪಸ್ ಕೊಟ್ಟೆ,” ಎಂದರು ನನ್ನ ಯಜಮಾನರು, ಕಸ್ತೂರಿರಂಗ. “ಆಫೀಸಲ್ಲಿ ನಗ್ತಾರೆ ಕನಕ. ಕಂಡಕಂಡವಳ ಬಸಿರಿನ ಕಥೆ ಬೀದಿಗೆಲ್ಲ ಓದ್ತಾಳಂತೆ ನಿನ್ನ ಹೆಂಡತಿ ಅಂತ. ಕಾರ್ಡು ನನ್ನ ಹೆಸರಲ್ಲಿದೆ. ಇನ್ನು ಪುಸ್ತಕ ಬರಲ್ಲ.”

ನಾನು ನಮ್ಮ ಪುಟ್ಟ ಮಗಳಿಗೆ ಅನ್ನ ಕಲಸಿ ತಿನ್ನಿಸಿದೆ. ಅವಳು ಉಗುಳಿದಳು, ಮತ್ತೆ ತಿನ್ನಿಸಿದೆ. ನನ್ನ ತಾಳ್ಮೆಯನ್ನು ಅವರು ಒಪ್ಪಿಗೆ ಎಂದುಕೊಂಡರು.

ಮರುದಿನ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಲೈಬ್ರರಿಗೆ ಹೋದೆ.

“ನಿಮ್ಮ ಹೆಸರಲ್ಲೇ ಕಾರ್ಡ್ ಬೇಕಾ? ಸ್ವಂತ ಹೆಸರಲ್ಲಿ ಮನೆ ಕಂದಾಯ ಕಟ್ಟೋರು ಜಾಮೀನು ಹಾಕ್ಬೇಕಮ್ಮ. ಯಜಮಾನರನ್ನೇ ಕರ್ಕೊಂಡು ಬನ್ನಿ,” ಎಂದ ಗುಮಾಸ್ತ.

ನಮ್ಮ ಮನೆ ಯಜಮಾನರ ಹೆಸರಿನಲ್ಲಿದೆ. ರಂಗನಾಯಕಿಯದು ಅವಳ ಮಾವನ ಹೆಸರಿನಲ್ಲಿ. ಗಂಡ ಸತ್ತ ಮೇಲೆ ಅಂಕಮ್ಮನ ಮನೆ ಮಾತ್ರ ಅವಳದೇ. ವಿಷಯ ಹೇಳಿದೆ. ಅವಳು ಸೊಂಟದ ಚೀಲಕ್ಕೆ ಕಂದಾಯದ ರಸೀದಿ ತುರುಕಿ ಹೊರಟೇಬಿಟ್ಟಳು.

ಗುಮಾಸ್ತ ನಕ್ಕ. “ಓದು ಬರದೋರು ಓದೋರಿಗೆ ಜಾಮೀನಾ?”

“ಓದೋದು ಅವ್ರು. ಪುಸ್ತಕ ಕಳುದ್ರೆ ನೀನು ಕೇಳೋದು ನನ್ನ. ನನ್ ಮನೆ ಎಲ್ಗೂ ಓಗಾಕಿಲ್ಲ. ಒತ್ತಿಸ್ಕೊಳಪ್ಪ!” ಎಂದು ಹೆಬ್ಬೆಟ್ಟು ಚಾಚಿದಳು.

ಕಾರ್ಡಿನ ಮೇಲೆ ‘ಕನಕಲಕ್ಷ್ಮಿ’ ಎಂದಿತ್ತು. ಅದೇ ಪುಸ್ತಕ ತಂದೆ.

ಅಂದು ಅವರೆಕಾಳಿನ ಬುಟ್ಟಿಯನ್ನು ಹಿತ್ತಲಿಗಲ್ಲ, ಬೀದಿ ಜಗಲಿಗೆ ತಂದಿಟ್ಟೆ. ಗಟ್ಟಿಯಾಗಿ ಓದಿದೆ. ಅಂಕಮ್ಮನ ಹೆಬ್ಬೆಟ್ಟಿನ ಮಸಿ ಬೇಳೆಗೂ ಹತ್ತಿತ್ತು. ಐದೂವರೆಗೆ ಯಜಮಾನರ ಸೈಕಲ್ಲು ಮೆಟ್ಟಿಲ ಬಳಿ ನಿಂತಿತು.

“ಕನಕ, ಒಳಗೆ ಬಾ.”

“ಕೊಟ್ಲಾ, ಮಡಿಕೊಂಡ್ಲಾ?” ಅಂಕಮ್ಮನಿಗೆ ಅವರು ಕಂಡೇ ಇರಲಿಲ್ಲ.

“ಇನ್ನೆರಡು ಪುಟ ಇದೆ,” ಎಂದೆ ಇಬ್ಬರಿಗೂ. “ಡಿಕಾಕ್ಷನ್ ಒಲೆ ಪಕ್ಕದಲ್ಲಿದೆ, ಬೆರೆಸಿಕೊಳ್ಳಿ.”

ಪುಟ ತಿರುವಿದೆ.