ಬಾಡಿಗೆಗಿದ್ದ ತಂಗಿ

"ತಂಗೆಗ ಏವ ಅಣ್ಣ ರಸೀದಿ ಬರೆದು ಕೊಡುವ?" ಗಂಗಾಧರ ಅಂಗಳದ ಕಟ್ಟೆಯಿಂದ ಏಳಲೂ ಇಲ್ಲ.

"ತಂಗಿ ಕೈಯಿಂದ ತಿಂಗಳು ತಿಂಗಳು ಹತ್ತು ಸಾವಿರ ಇಸ್ಕೊಳ್ಳೋ ಅಣ್ಣ ಬರೆದು ಕೊಡ್ತಾನೆ," ಎಂದಳು ಭುವನಾ.

ಬೇರೆ ಊರಿನಿಂದ ಬಂದ ಭುವನಾಳಿಗೆ ಊಟಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಬಾಡಿಗೆಗೆ ತೆರಿಗೆ ವಿನಾಯಿತಿ ಬೇಕಿದ್ದರೆ ರಸೀದಿಯನ್ನೂ ಮನೆ ಮಾಲೀಕನ ಪ್ಯಾನ್ ನಂಬರನ್ನೂ ಶುಕ್ರವಾರದೊಳಗೆ ತರಬೇಕು, ಇಲ್ಲವಾದರೆ ಸಂಬಳದಲ್ಲಿ ತೆರಿಗೆ ಪೂರಾ ಕಡಿತ ಎಂದು ಆಫೀಸಿನಲ್ಲಿ ಹೇಳಿದ್ದರು. ಆ ಕಾಗದಗಳನ್ನು ತೆಗೆದುಕೊಳ್ಳುವ ವಸಂತಕುಮಾರ್ ಇದೇ ಹಟ್ಟಿಯವನು. ತೊಡಕು ಅಲ್ಲೇ ಇತ್ತು.

ಹೊರಗಿನವರಿಗೆ ಮನೆ ಬಾಡಿಗೆಗೆ ಕೊಡಕೂಡದೆಂದು ಹಟ್ಟಿ ಕೂತು ತೀರ್ಮಾನಿಸಿತ್ತು. ಗಂಗಾಧರ ಅವಳನ್ನು ಹಿಂದಿನ ಕೋಣೆಗೆ ಕರೆತಂದದ್ದೇ ಚಿಕ್ಕಮ್ಮನ ಮಗಳೆಂದು ಹೇಳಿ. ಒಂಟಿ ಹೆಂಗಸಿಗೆ ಮನೆ ಸಿಗುವುದೇ ಕಷ್ಟವಾಗಿದ್ದಾಗ ಅವಳೂ ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ ಹಟ್ಟಿಯ ಹೆಂಗಸರೆಲ್ಲ ತಂಗೆ ಎಂದೇ ಕರೆದರು. ಹೋದ ವರ್ಷ ಗಂಗಾಧರನ ತಾಯಿ ತೀರಿಕೊಂಡಾಗ ಮನೆಯ ಹೆಣ್ಣುಮಕ್ಕಳ ಜೊತೆ ಕೂತು ಹೆಣದ ಕಾಲು ಹಿಡಿದು ಅತ್ತಿದ್ದಳು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ.

"ನಂಬರ್ ಕೊಟ್ಟರೆ ವಸಂತ ನೋಡುವ. ನಾಳೆಗೇ ಎನ್ನ ಹಟ್ಟಿ ಮುಂದೆ ನಿಲ್ಲಿಸುವರು," ಎಂದ ಗಂಗಾಧರ. "ಸರ್ಕಾರಕ್ಕೂ ನಾ ಲೆಕ್ಕ ಹೇಳಬೇಕು. ಒಂದು ವರ್ಷ ಕಡಿತ ಆದರೆ ನೀ ಸತ್ತು ಹೋಪೆಯಾ?"

"ಹೋಗಲ್ಲ. ಆದ್ರೆ ಕೊಟ್ಟ ಬಾಡಿಗೆ ಕೊಟ್ಟಿಲ್ಲ ಅಂತ ಯಾಕೆ ಹೇಳ್ಲಿ?"

ಗಂಗಾಧರನ ಹೆಂಡತಿ ನಂಜಿ ಒಳಗಿನಿಂದ ಬಿಸಿ ಅವರೆಕಾಯಿ ಸಾರಿನ ಬಟ್ಟಲು ಹಿಡಿದು ಬಂದಳು. "ಮೊದಲು ಉಣ್ಣು ತಂಗೆ. ಮನೆ ಹೆಣ್ಣಿಗೆ ಏನ ರಸೀದಿ?"

"ಮನೆ ಹೆಣ್ಣಾದ್ರೆ ಈ ತಿಂಗಳಿಂದ ದುಡ್ಡು ಬೇಡ ಅನ್ನಿ ಅತ್ತಿಗೆ."

ನಂಜಿ ಗಂಡನ ಮುಖ ನೋಡಿದಳು. ಗಂಗಾಧರ ಟೀ ತೋಟದ ಕಡೆ ತಿರುಗಿ ಕೆಮ್ಮಿದ.

"ಸರಿ," ಎಂದಳು ಭುವನಾ. "ಅಣ್ಣನೂ ಆಗಲ್ಲ, ಮಾಲೀಕನೂ ಆಗಲ್ಲ. ನಿಮ್ಮನ್ನ ಏನಂತ ಕರೀಲಿ?"

ಸಾರನ್ನು ಅವಳು ಮುಟ್ಟಲಿಲ್ಲ. ಕೋಣೆಗೆ ಹೋಗಿ ಎರಡು ಚೀಲ ತುಂಬಿ, ಬೀಗದ ಕೈಯನ್ನು ಕಟ್ಟೆಯ ಮೇಲೆ ಬಟ್ಟಲಿನ ಪಕ್ಕ ಇಟ್ಟಳು. "ಎಲ್ಲಿಗ ಹೋಪೆ?" ಎಂದು ನಂಜಿ ಹಿಂದೆಯೇ ಬಂದಳು. ಗಂಗಾಧರ ಹೆಂಡತಿಯ ತೋಳು ಹಿಡಿದು, "ಬಿಡು, ಸಂಜೆಗ ಬಪ್ಪ," ಎಂದ.

ಹಟ್ಟಿಯ ನಲ್ಲಿಯಲ್ಲಿ ನೆರೆಮನೆಯ ಪಾಪಾತಿ ಕೊಡ ಹಿಡಿದಿದ್ದಳು, ಸುತ್ತ ನಾಲ್ಕೈದು ಹೆಂಗಸರು. "ತಂಗೆ, ಚೀಲ ಹೊತ್ತು ಊರಿಗಾ?"

ಭುವನಾ ನಿಂತಳು. ಹಿಂದೆ ಕಟ್ಟೆಯ ಮೇಲೆ ಗಂಗಾಧರ ಎದ್ದು ನಿಂತದ್ದು ಕಾಣಿಸಿತು.

"ನಾನು ತಂಗಿ ಅಲ್ಲ ಅಕ್ಕ. ಇವರ ಮನೇಲಿ ಬಾಡಿಗೆಗೆ ಇದ್ದೆ."

ಅವಳು ಟೀ ಗಿಡಗಳ ನಡುವಿನ ದಾರಿ ಹಿಡಿದು ಬಸ್ಸಿನ ಕಡೆ ಇಳಿದಳು. ತಿರುವು ದಾಟುವವರೆಗೂ ಪಾಪಾತಿಯ ಕೊಡ ತುಂಬಿ ಕಲ್ಲಿನ ಮೇಲೆ ನೀರು ಚೆಲ್ಲುವ ಸದ್ದು ಕೇಳುತ್ತಲೇ ಇತ್ತು.