ಬಾಡಿಗೆ ಭಾವ

ಭಾನುವಾರ ಬೆಳಿಗ್ಗೆ ಕರೆಗಂಟೆ ಸದ್ದಾಯಿತೆಂದು ಬಾಗಿಲು ತೆಗೆದರೆ ನಮ್ಮ ಮನೆಯ ಓನರ್ ಸೂಟ್‌ಕೇಸ್ ಹಿಡಿದು ನಿಂತಿದ್ದ. ಕಂಕುಳಲ್ಲಿ ಕಟ್ಟು ಹಾಕಿಸಿದ ದೊಡ್ಡ ಫೋಟೊ, ಅವನದೂ ಅವನ ಹೆಂಡತಿ ಮಕ್ಕಳದೂ. ನಾನು ಬನ್ನಿ ಅನ್ನುವ ಮೊದಲೇ ಒಳಗೆ ಬಂದು, ಗೋಡೆಯ ಮೇಲಿದ್ದ ನಮ್ಮ ಗಡಿಯಾರ ಇಳಿಸಿ, ಆ ಮೊಳೆಗೆ ತನ್ನ ಸಂಸಾರವನ್ನು ನೇತುಹಾಕಿದ.

“ಇದೇನ್ ಸರ್?” ಅಂದೆ.

“ಕೂತ್ಕೊಳ್ಳಿ, ಹೇಳ್ತೀನಿ ಮೇಡಂ. ಮನೆಯವರನ್ನೂ ಕರೀರಿ,” ಅಂದ. ನನ್ನ ಮನೆಯಲ್ಲಿ ನನಗೇ ಕೂರಲು ಹೇಳಿದ. ಆದರೆ ಮನೆ ನನ್ನದಲ್ಲವಲ್ಲ, ಅವನದು. ಹಾಗಂತ ನಾನು ಅಂದುಕೊಂಡಿದ್ದೆ.

ನೆಲಮಹಡಿಯ ಈ ಮನೆ ನಮಗೆ ಸುಲಭವಾಗಿ ಸಿಕ್ಕಿದ್ದಲ್ಲ. ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನಾವು ಮೂರನೇ ಮಹಡಿಯಲ್ಲಿದ್ದೆವು, ಲಿಫ್ಟಿಲ್ಲದ ಕಟ್ಟಡ. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಊರವರನ್ನೆಲ್ಲ ಸಲೀಸಾಗಿ ಮೇಲೆ ಕೆಳಗೆ ಓಡಾಡಿಸುವವನು ಹೆತ್ತ ತಾಯಿಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಡಾಕ್ಟರು ಬರಹೇಳದ ದಿನ ಅತ್ತೆಗೆ ಮಂಚ, ಕಿಟಕಿ, ಎದುರಿನ ಕಟ್ಟಡದ ನೀರಿನ ಟ್ಯಾಂಕು, ಇಷ್ಟೇ ಪ್ರಪಂಚ. ಇಲ್ಲಿಗೆ ಬಂದ ಮೇಲೆ ವಾಕರ್ ಹಿಡಿದು ತಾವೇ ಬೀದಿಗೆ ಹೋಗುತ್ತಾರೆ, ತರಕಾರಿ ಗಾಡಿಯವನ ಜೊತೆ ಜಗಳ ಆಡುತ್ತಾರೆ, ಗೆದ್ದೂ ಬರುತ್ತಾರೆ. ನಾನು ಮುಂದಿನ ಕಿಟಕಿಯ ಪಕ್ಕ ಮಿಷಿನ್ ಹಾಕಿಕೊಂಡು ಪ್ಯಾಂಟಿನ ಜಿಪ್ಪು, ಶಾಲಾ ಸಮವಸ್ತ್ರ, ಪರದೆ ಅಂತ ಹೊಲಿಯುತ್ತೇನೆ. ಬೀದಿಯವರಿಗೆಲ್ಲ ನಾನು ಟೈಲರಮ್ಮ.

ಮನೆ ಕೊಡುವ ಮೊದಲು ಈ ಓನರ್ ನಮ್ಮನ್ನು ಕೇಳದ ಪ್ರಶ್ನೆಯಿಲ್ಲ. ಮನೆಗೆ ಎಷ್ಟು ಜನ ಬಂದುಹೋಗ್ತಾರೆ? ಗೋಡೆಗೆ ಮೊಳೆ ಹೊಡೀತೀರಾ? ಗಂಡ ಹೆಂಡತಿ ಜಗಳ ಆಡ್ತೀರಾ? ಅತ್ತೆಯ ಕಾಯಿಲೆ ಏನು, ಅದು ಅಂಟುತ್ತಾ? ಸೊಂಟ ಮುರಿದಿದ್ದು ಅಂಟುತ್ತಂತೆ! ಹಲ್ಲು ಕಚ್ಚಿಕೊಂಡು ಎಲ್ಲಕ್ಕೂ ಸತ್ಯವನ್ನೇ ಹೇಳಿದ್ದೆವು. ತನ್ನ ಬಗ್ಗೆ ಅವನು ಹೇಳಿದ್ದು ಒಂದೇ ಮಾತು: “ಸ್ವಂತ ಮನೆ ಮೇಡಂ, ಯಾವ ತಕರಾರೂ ಇಲ್ಲ. ವರ್ಗ ಆಯ್ತು ಅಂತ ಬಾಡಿಗೆಗೆ ಕೊಡ್ತಿದೀನಿ ಅಷ್ಟೆ.”

ಈಗ ಅದೇ ಬಾಯಲ್ಲಿ ಬೇರೆ ಕತೆ ಬಂತು. ಮನೆಯ ಮೇಲೆ ಸಾಲವಿದೆ. ತಾನು ವಾಸ ಮಾಡುವ ಮನೆ ಅಂತ ಬರೆದುಕೊಟ್ಟು ಕಡಿಮೆ ಬಡ್ಡಿಗೆ ತೆಗೆದುಕೊಂಡ ಸಾಲ. ಬಾಡಿಗೆಗೆ ಕೊಡುವುದಾದರೆ ಬ್ಯಾಂಕಿನ ಒಪ್ಪಿಗೆ ಬೇಕು. ಕೇಳಿದರೆ ಬಡ್ಡಿ ಏರಿಸಬಹುದು ಅಂತ ಇವನು ಕೇಳಲಿಲ್ಲ. ಯಾರೋ ಬ್ಯಾಂಕಿನ ಕಿವಿಗೆ ಹಾಕಿದ್ದಾರೆ. ಮನೆಯಲ್ಲಿ ಯಾರಿದ್ದಾರೆಂದು ನೋಡಲು ಇನ್ನೊಂದು ಗಂಟೆಯಲ್ಲಿ ಬ್ಯಾಂಕಿನವರು ಬರುತ್ತಾರೆ.

“ಏನಿಲ್ಲ, ನೀವು ನನ್ನ ತಮ್ಮ,” ಅಂತ ನನ್ನ ಗಂಡನ ಹೆಗಲ ಮೇಲೆ ಕೈ ಹಾಕಿದ. “ಅಮ್ಮ ನಮ್ಮಿಬ್ಬರಿಗೂ ಅಮ್ಮ. ಎಲ್ಲಾ ಒಟ್ಟಿಗೇ ಇದ್ದೀವಿ. ನನ್ನ ಹೆಂಡತಿ ಮಕ್ಕಳು ಅವಳ ತವರಿಗೆ ಹೋಗಿದಾರೆ. ಅರ್ಧ ಗಂಟೆ ನಾಟಕ, ಅಷ್ಟೆ. ಮೇಡಂ, ಇವತ್ತೊಂದು ದಿನ ನಿಮ್ಮನ್ನ ನೀನು ಅಂತೀನಿ, ಬೇಜಾರು ಮಾಡ್ಕೋಬೇಡಿ. ತಮ್ಮನ ಹೆಂಡ್ತೀನ ಮೇಡಂ ಅಂದ್ರೆ ಅನುಮಾನ ಬರುತ್ತೆ. ನೀವು ನನ್ನ ಭಾವ ಅನ್ನಿ.”

“ನಾವು ನಿಜ ಹೇಳಿದ್ರೆ?”

ಅವನು ಒಳಗಿನ ಕೋಣೆಯ ಕಡೆ ನೋಡಿದ. ಅತ್ತೆ ಅಲ್ಲಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ದನಿ ತಗ್ಗಿಸಿ, “ನಿಮ್ಮನ್ನ ಖಾಲಿ ಮಾಡಿಸಬೇಕಾಗುತ್ತೆ. ಪಾಪ, ಅಮ್ಮನ್ನ ಕಟ್ಕೊಂಡು ಎಲ್ಲಿಗೆ ಹೋಗ್ತೀರಿ? ನೆಲಮಹಡಿ ಮನೆ ಮತ್ತೆ ಸಿಗಬೇಕಲ್ಲ,” ಅಂದ.

ಆ ‘ಪಾಪ’ ಕೇಳಿ ನನ್ನ ಮೈಯೆಲ್ಲ ಉರಿಯಿತು. ಗಂಡನ ಮುಖ ನೋಡಿದೆ. ಅವನು ಕಣ್ಣಲ್ಲೇ ಬೇಡಿಕೊಂಡ. ಬೆನ್ನ ಮೇಲೆ ಹೊತ್ತವನಿಗಲ್ಲವೆ ಭಾರ ಗೊತ್ತಿರುವುದು? ನಾನು ಸುಮ್ಮನಾದೆ.

ಸುಮ್ಮನಾದೆನೆಂದು ಓನರ್‌ಗೆ ಎಲ್ಲಿಲ್ಲದ ಹುರುಪು ಬಂತು. ನಮ್ಮ ಬಚ್ಚಲಿನ ಲೋಟದಲ್ಲಿ ನಮ್ಮ ಬ್ರಷ್ಷುಗಳ ಮಧ್ಯೆ ತನ್ನ ಬ್ರಷ್ಷು ತುರುಕಿದ. ನನ್ನ ಬೀರುವಿನಲ್ಲಿ ತನ್ನ ಅಂಗಿಗಳನ್ನು ಜೋಡಿಸಿದ. ಮಿಷಿನ್ ನೋಡಿದರೆ ಇಲ್ಲಿ ವ್ಯಾಪಾರ ನಡೀತಿದೆ ಅಂದುಕೊಳ್ತಾರೆ ಅಂತ ಅದನ್ನೂ ಎತ್ತಿಸಿ ಬಚ್ಚಲಿಗೆ ಸಾಗಿಸಿ ಮೇಲೊಂದು ಒದ್ದೆ ಟವೆಲ್ ಹೊದಿಸಿದ. ನಾಳೆ ಕೊಡಬೇಕಾದ ಸಮವಸ್ತ್ರಗಳನ್ನು ಮಂಚದಡಿಗೆ ತಳ್ಳಿದ. ಅನ್ನ ಕೊಡುವ ಮಿಷಿನ್ ಅದು. ಅದನ್ನು ಕಕ್ಕಸಿನ ಪಕ್ಕದಲ್ಲಿ ನಿಲ್ಲಿಸಿದ ಮನುಷ್ಯನಿಗೆ ನಾನು ಭಾವ ಅನ್ನಬೇಕಂತೆ. ನಾಲಿಗೆ ಹೊರಳಬೇಕಲ್ಲ!

ಬ್ಯಾಂಕಿನಿಂದ ಬಂದವಳು ಚಿಕ್ಕ ವಯಸ್ಸಿನ ಹುಡುಗಿ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು. ಚಪ್ಪಲಿ ಹೊರಗೆ ಬಿಟ್ಟು, ತೊಂದರೆ ಕೊಡ್ತಿದೀನಿ ಅಂತ ಮೊದಲೇ ಕ್ಷಮೆ ಕೇಳಿದಳು. ಓನರ್ ಹಲ್ಲು ಕಿರಿದು ಅವಳಿಗೆ ಮನೆ ತೋರಿಸಿದ. ಅಡುಗೆಮನೆಯಲ್ಲಿ ಲೋಟ ಎಲ್ಲಿದೆಯೆಂದು ತಿಳಿಯದೆ, “ನೀರು ಕೊಡಮ್ಮ ಮೇಡಂಗೆ,” ಅಂತ ನನ್ನ ಮೇಲೆ ಕೂಗಿದ. ನಾನು ಲೋಟವನ್ನು ಕುಕ್ಕಿದೆ.

“ಇವರು ನಿಮಗೆ ಏನಾಗಬೇಕು?” ಅಂತ ಹುಡುಗಿ ನನ್ನನ್ನೇ ಕೇಳಿದಳು.

ನಾನು ಗಂಡನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ. ಓನರ್ ನಡುವೆ ಬಾಯಿ ಹಾಕಿ, “ಭಾವ ಆಗಬೇಕು. ನಮ್ಮ ಕಡೆ ಹೆಂಗಸರು ಭಾವನ ಮುಂದೆ ಹೆಚ್ಚು ಮಾತಾಡಲ್ಲ,” ಅಂತ ನಕ್ಕ.

ಅಷ್ಟರಲ್ಲಿ ವಾಕರ್ ಕುಟ್ಟಿಕೊಂಡು ಅತ್ತೆ ಹೊರಗೆ ಬಂದರು. ಓನರ್ ಓಡಿಹೋಗಿ ಅವರ ಭುಜ ಹಿಡಿದ. “ಬಾಮ್ಮ, ಕೂತ್ಕೋ. ಮೇಡಂ, ಇವರು ನಮ್ಮಮ್ಮ. ಏನೂ ಕೇಳಬೇಡಿ, ವಯಸ್ಸಾಯ್ತು. ಕಿವಿ ಮಂದ, ಬುದ್ಧೀನೂ ಒಂದೊಂದ್ಸಲ...” ಅಂತ ಬೆರಳು ತಿರುಗಿಸಿದ.

ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಲೆಕ್ಕ ಹೇಳಬಲ್ಲ ಅತ್ತೆ ಅವರು. ಭುಜದ ಮೇಲಿದ್ದ ಕೈ ತೆಗೆದು ಹುಡುಗಿಯ ಎದುರು ಕುರ್ಚಿಯಲ್ಲಿ ಕೂತರು.

“ಇವನು ನನ್ನ ದೊಡ್ಡ ಮಗ ಅಂತಿದ್ದಾನೆ. ಆಗಲಿ. ತಾಯಿ ಅಂದ ಮೇಲೆ ಮಗನ ಮೇಲೆ ಒಂದು ದೂರು ಹೇಳಬಹುದೇನಮ್ಮ?”

“ಹೇಳಿ ಅಜ್ಜಿ.”

“ಒಡಹುಟ್ಟಿದ ತಮ್ಮನ ಹತ್ರ ತಿಂಗಳು ತಿಂಗಳೂ ಬಾಡಿಗೆ ಎಣಿಸ್ಕೊಳ್ಳೋ ಅಣ್ಣನ್ನ ನೀನು ಎಲ್ಲಾದ್ರೂ ನೋಡಿದೀಯಾ? ಒಂದು ದಿನ ತಡ ಆದ್ರೆ ಫೋನಿನ ಮೇಲೆ ಫೋನು. ಬಚ್ಚಲ ನಲ್ಲಿ ಸೋರ್ತಿದೆ ಅಂತ ನಾವು ಮಾಡಿದ್ರೆ ಮಾತ್ರ ಇವನು ಎತ್ತಲ್ಲ. ನನ್ನ ಸೊಂಟ ಮುರಿದಾಗ ಆಸ್ಪತ್ರೆ ಕಡೆ ತಲೆ ಹಾಕ್ಲಿಲ್ಲ. ಹೇಗೆ ಹಾಕ್ತಾನೆ ಹೇಳು, ಆಗಿನ್ನೂ ಹುಟ್ಟಿರ್ಲಿಲ್ಲ. ಇವತ್ತು ಬೆಳಿಗ್ಗೆ ಹುಟ್ಟಿದಾನೆ, ಸೂಟ್‌ಕೇಸ್ ಸಮೇತ!”

ನನಗೆ ನಗು ಉಕ್ಕಿತು. ಓನರ್‌ನ ಮುಖ ಇಂಗು ತಿಂದ ಮಂಗನಂತಾಯಿತು.

“ಬಾಡಿಗೆನಾ ಸರ್?” ಅಂದಳು ಹುಡುಗಿ.

“ಅದು ಮನೆಖರ್ಚಿಗೆ ಅಂತ... ಅಮ್ಮಂಗೆ ಮರೆವು...”

“ಅಮ್ಮ ಅನ್ನಬೇಡಿ!” ಅಂದೆ. ನನ್ನ ದನಿ ಅಷ್ಟು ಜೋರಾಗಿ ಬಂದೀತೆಂದು ನನಗೇ ಗೊತ್ತಿರಲಿಲ್ಲ. “ನಾವು ಬಾಡಿಗೆಗೆ ಇರೋರು ಕಣಮ್ಮ. ನನ್ನ ಮಿಷಿನ್ ಬಚ್ಚಲಲ್ಲಿದೆ, ಬಾ ತೋರಿಸ್ತೀನಿ. ಸಾಲದ ವಿಷಯ ನಮಗೆ ತಿಳಿದಿದ್ದೇ ಇವತ್ತು. ಒಂದು ವರ್ಷದಿಂದ ಇವರ ಸುಳ್ಳಿನೊಳಗೆ ಸಂಸಾರ ಮಾಡ್ತಿದೀವಿ ಅಂತ ಗೊತ್ತೇ ಇರ್ಲಿಲ್ಲ.”

ಹುಡುಗಿ ಬಚ್ಚಲಿನ ತನಕ ಬಂದು, ಟವೆಲ್ ಸರಿಸಿ ನೋಡಿ, ಮತ್ತೆ ಹೊರಗೆ ಬಂದಳು. “ವರ್ಗ ಆಗಿದೆ ಅಂತ ಒಂದು ಅರ್ಜಿ ಕೊಟ್ಟಿದ್ರೆ ಒಪ್ಪಿಗೆ ಸಿಗ್ತಿತ್ತೋ ಏನೋ ಸರ್. ಈಗ ನಾನು ಕಂಡಿದ್ದನ್ನ ಕಂಡ ಹಾಗೇ ಹೇಳಬೇಕಾಗುತ್ತೆ,” ಅಂದಳು. ಚಪ್ಪಲಿ ಮೆಟ್ಟುವಾಗ ನನ್ನ ಕಡೆ ತಿರುಗಿ, “ಅಕ್ಕ, ಮುಂದೆ ಏನು ತೀರ್ಮಾನ ಮಾಡ್ತಾರೋ ನನಗೆ ಗೊತ್ತಿಲ್ಲ. ಸುಳ್ಳು ಭರವಸೆ ಕೊಡಲ್ಲ,” ಅಂದಳು. ಆ ಬೆಳಿಗ್ಗೆ ಹೊರಗಿನವರಿಂದ ನಾನು ಕೇಳಿದ ಮೊದಲ ನಿಜವಾದ ಮಾತು ಅದು.

ಅವಳು ಗೇಟು ದಾಟಿದ್ದೇ ತಡ, ಓನರ್‌ಗೆ ನಾವು ಮತ್ತೆ ಪರಕೀಯರಾದೆವು. “ಮುಂದಿನ ತಿಂಗಳು ಖಾಲಿ ಮಾಡಿ ಮೇಡಂ. ಉಪಕಾರ ಮಾಡಿದ್ದಕ್ಕೆ ಒಳ್ಳೆ ಮರ್ಯಾದೆ ಮಾಡಿದ್ರಿ.”

“ಉಪಕಾರನಾ?” ಅಂದೆ. “ಪ್ರತಿ ತಿಂಗಳೂ ದುಡ್ಡು ತಗೊಂಡು ಮಾಡಿದ್ದು ಉಪಕಾರನಾ? ನಾವು ಜಗಳ ಆಡ್ತೀವಾ ಅಂತ ಕೂಡ ವಿಚಾರಿಸಿದ್ರಲ್ಲ, ನಿಮ್ಮ ಬಗ್ಗೆ ನಮಗೆ ಒಂದು ಮಾತು ಹೇಳೋಕೆ ಬಾಯಿ ಬರ್ಲಿಲ್ವಾ? ಕಷ್ಟ ಅಂದ್ರೆ ನಮಗೂ ಅರ್ಥ ಆಗ್ತಿತ್ತು. ನಮ್ಮ ಬಾಯಲ್ಲಿ ಸುಳ್ಳು ಹೇಳಿಸೋಕೆ ನಾವೇನು ನಿಮ್ಮ ಮನೆ ಸಾಮಾನಾ?”

ಗಂಡ ಅಷ್ಟು ಹೊತ್ತೂ ಉಸಿರೆತ್ತದವನು, ಗೋಡೆಯ ಫೋಟೊ ಇಳಿಸಿ ಅವನ ಕೈಗಿಟ್ಟ. “ನಿಮ್ಮ ಮನೆಯವರನ್ನ ಮರೀಬೇಡಿ ಸರ್. ಅಗ್ರಿಮೆಂಟಿನಲ್ಲಿ ಇನ್ನೂ ಟೈಮಿದೆ. ಮುಂದಿನ ತಿಂಗಳು ಅನ್ನೋದನ್ನ ಬರೆದು ಕಳಿಸಿ, ವಕೀಲರಿಗೆ ತೋರಿಸ್ತೀನಿ,” ಅಂದ. ಓನರ್ ಏನೋ ಗೊಣಗಿಕೊಂಡು ಹೋದ. ಅವಸರದಲ್ಲಿ ಅಂಗಿಗಳನ್ನು ಬಿಟ್ಟುಹೋಗಿದ್ದ. ನಾನು ಮುದ್ದೆ ಮಾಡಿ ಗೇಟಿನ ಮೇಲೆ ಎಸೆದು ಬಂದೆ.

ನಾವಿಬ್ಬರೂ ಮಿಷಿನ್ ಎತ್ತಿ ಕಿಟಕಿಯ ಹತ್ತಿರ ತಂದಿಟ್ಟೆವು. ಒರೆಸುತ್ತ ತಿರುಗಿ ನೋಡಿದರೆ ಅತ್ತೆ ವಾಕರ್ ಹಿಡಿದು ಬೀದಿಯ ಕಡೆಯೇ ನೋಡುತ್ತ ಕೂತಿದ್ದರು. ನನ್ನ ಸಿಟ್ಟೆಲ್ಲ ಜರ್ರನೆ ಇಳಿದು ಹೆದರಿಕೆಯಾಯಿತು. ಹೋಗಿ ಅವರ ಕಾಲ ಬಳಿ ಕೂತೆ.

“ನಿಮಗೋಸ್ಕರವೇ ನಾನು ಬಾಯಿ ಮುಚ್ಕೊಂಡಿದ್ದೆ ಅತ್ತೆ.”

“ಗೊತ್ತು ಕಣೆ. ಒಳಗೆ ಎಲ್ಲಾ ಕೇಳಿಸ್ತು. ನನ್ನ ಸೊಂಟ ತೋರಿಸಿ ನಿನ್ನ ಬಾಯಿ ಮುಚ್ಚಿಸಿದ್ನಲ್ಲ, ಅದಕ್ಕೇ ನನಗೆ ತಡ್ಕೊಳ್ಳೋಕಾಗ್ಲಿಲ್ಲ.”

“ನಿಜವಾಗ್ಲೂ ಬಿಡಿಸಿಬಿಟ್ರೆ? ಮತ್ತೆ ಮೇಲಿನ ಮನೆನೇ ಸಿಕ್ಕಿದ್ರೆ?”

ಅತ್ತೆ ಮಿಷಿನ್ನಿಗೆ ಎಣ್ಣೆ ಬಿಡುತ್ತಿದ್ದ ನನ್ನ ಗಂಡನನ್ನೇ ನೋಡಿದರು.

“ಹೊತ್ಕೊಂಡು ಹತ್ತೋಕೆ ನಾನು ಹೆತ್ತೋನೊಬ್ಬ ಇದ್ದಾನೆ,” ಅಂದರು. “ನೀನು ಮಾತ್ರ ಇನ್ನೊಂದ್ಸಲ ನನ್ನ ಹೆಸರಲ್ಲಿ ಯಾರಿಗೂ ಹೆದರಬೇಡ.”