ಎಡ ಭುಜದ ಹತ್ತಿ

ತಂಗಿಯ ಮದುವೆ ನಿಜವಾದದ್ದು ಎಂದು ಬರೆದುಕೊಡಲು ಕೂತ ಅಕ್ಕ, ಮೊದಲ ಸಾಲಿನಲ್ಲೇ ಆ ಮದುವೆಯನ್ನು ಮುರಿಯುವ ಮಾತು ಬರೆದುಬಿಟ್ಟಿದ್ದಳು.

‘ಬಂದ ಮೂರನೆಯ ವಾರದಲ್ಲಿ ನನ್ನ ತಂಗಿ, ಈ ದೇಶದಲ್ಲೇ ಉಳಿಯಲು ಏನು ಮಾಡಬೇಕು ಎಂದು ನನ್ನನ್ನು ಕೇಳಿದಳು.’

ಸುಳ್ಳೇನಲ್ಲ. ಚೂಟಿ ಹಾಗೆ ಕೇಳಿದ್ದು ಹೌದು. ಹೊಲಿಗೆ ಅಂಗಡಿಯ ಕಿಟಕಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಸೇಬು ಕಚ್ಚುತ್ತ, ನಗುತ್ತ ಕೇಳಿದ್ದಳು. ನಗುವೂ ಸೇಬೂ ಕಾಗದದ ಮೇಲೆ ಬರಲಿಲ್ಲ, ಅಷ್ಟೇ. ಅಕ್ಕ ಹಾಳೆಯನ್ನು ನಾಲ್ಕಾಗಿ ಮಡಚಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಡಬ್ಬಿಯ ಕೆಳಗೆ ಇಟ್ಟಳು. ಹರಿದು ಎಸೆಯಲಿಲ್ಲ.

ಬಾಗಿಲ ಗಂಟೆ ಸದ್ದಾಯಿತು. ಚೂಟಿ ಒಳಗೆ ಬಂದವಳೇ ಕತ್ತರಿಸುವ ಮೇಜಿನ ಮೇಲೆ ಮೊಣಕೈ ಊರಿದಳು.

“ಬರೆದ್ಯಾ ಅಕ್ಕಾ?”

“ಬಟ್ಟೆ ರಾಶಿ ಬಿದ್ದಿದೆ ಕಣೇ. ಬರೀತೀನಿ.”

“ಶುಕ್ರವಾರಕ್ಕೆ ಬೇಕು. ವಕೀಲರು ಏನಂದ್ರು ಗೊತ್ತಾ? ಬೇರೆ ಕಾಗದ ಹತ್ತು ಇದ್ರೂ ನಿಮ್ಮಕ್ಕನ ಕಾಗದ ಒಂದರ ತೂಕ ಇಲ್ಲ, ಇಬ್ಬರನ್ನೂ ಬಲ್ಲವಳು ಅವಳೊಬ್ಬಳೇ ಅಂತ.”

ಮೂರು ತಿಂಗಳ ಮಟ್ಟಿಗೆ ಅಕ್ಕನನ್ನು ನೋಡಲು ಬಂದ ಹುಡುಗಿ ಹತ್ತನೆಯ ವಾರದಲ್ಲಿ ಈ ದೇಶದವನನ್ನೇ ಮದುವೆಯಾಗಿ, ಇಲ್ಲೇ ಇರುತ್ತೇನೆ ಎಂದು ಅರ್ಜಿ ಹಾಕಿದರೆ ಕಚೇರಿಯವರು ಹುಬ್ಬೇರಿಸದೆ ಇರುತ್ತಾರೆಯೇ? ಅರ್ಜಿ ಬಿದ್ದುಹೋದರೆ ಮೂವತ್ತು ದಿನದೊಳಗೆ ಗಂಟುಮೂಟೆ ಕಟ್ಟಬೇಕು. ಮತ್ತೆ ಐದು ವರ್ಷ ಈ ಕಡೆ ತಲೆ ಹಾಕುವಂತಿಲ್ಲ.

“ನಾವು ಜಗಳ ಆಡ್ತೀವಿ ಅಂತ ಬರಿ,” ಎಂದಳು ಚೂಟಿ. “ಸುಳ್ಳು ಗಂಡ ಹೆಂಡ್ತಿ ಯಾಕೆ ಜಗಳ ಆಡ್ತಾರೆ, ಹೇಳು?”

“ಏನಂತ ಆಡ್ತೀರಿ?”

“ಅವನು ಬಚ್ಚಲಲ್ಲಿ ಹಾಡ್ತಾನೆ. ಒಂದೇ ಹಾಡು, ದಿನಾ. ಅದೂ ಜೋಗುಳ! ನಂಗೆ ಬೆಳಿಗ್ಗೆ ಎದ್ದ ಕೂಡ್ಲೇ ಮತ್ತೆ ನಿದ್ದೆ ಬರುತ್ತೆ.”

ಅವನು. ಹಾಡ್ತಾನೆ. ನಾಲ್ಕು ವರ್ಷದಲ್ಲಿ ಅಕ್ಕ ತನ್ನ ಮನಸ್ಸಿನೊಳಗೂ ಆ ಮನುಷ್ಯನನ್ನು ಏಕವಚನದಲ್ಲಿ ಕರೆದವಳಲ್ಲ.

ಅವನು ಪಕ್ಕದ ಅಂಗಡಿಯ ಬೀಗದವನು. ಬೀಗ ರಿಪೇರಿ, ಕೀಲಿ ಕಡೆಯುವುದು ಅವನ ಕಸುಬು. ಎರಡು ಅಂಗಡಿಗೂ ನಡುವೆ ಒಂದೇ ಗೋಡೆ. ಅವನ ಯಂತ್ರ ಕೀಲಿ ಕಡೆದರೆ ಇವಳ ಮೇಜಿನ ಮೇಲಿನ ಗುಂಡುಸೂಜಿಗಳು ನಡುಗುತ್ತಿದ್ದವು. ಹುಟ್ಟಿದ್ದು ಇದೇ ದೇಶದಲ್ಲಾದರೂ ತಾಯಿಯಿಂದ ಕನ್ನಡ ಕಲಿತಿದ್ದ. ತಾಯಿಯೊಬ್ಬಳಿಂದಲೇ ಕಲಿತಿದ್ದರಿಂದ ಆರಡಿ ಎತ್ತರದ ಆಸಾಮಿ ಬಾಯಿ ತೆರೆದರೆ ಮುದುಕಿಯ ಮಾತು ಬರುತ್ತಿತ್ತು. “ಅಯ್ಯೋ ನನ್ನ ತಾಯೀ, ಸೊಂಟ ಹಿಡ್ಕೊಂಡುಬಿಟ್ಟಿದೆ,” ಎನ್ನುತ್ತ ಅಂಗಿ ಹೊಲಿಸಿಕೊಳ್ಳಲು ಬರುತ್ತಿದ್ದ. ಅಕ್ಕನನ್ನು ‘ದರ್ಜಿಯಮ್ಮಾ’ ಎಂದು ಕರೆಯುತ್ತಿದ್ದ. ಅವನು ಹೋದ ಮೇಲೆ ಅಕ್ಕ ಆ ಮಾತುಗಳನ್ನು ಒಬ್ಬಳೇ ಹೇಳಿಕೊಂಡು ನಗುತ್ತಿದ್ದಳು.

ಉಪಕರಣದ ಚೀಲ ಹೊತ್ತು ಹೊತ್ತು ಅವನ ಎಡ ಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿತ್ತು. ಮೊದಲ ಸಲ ಕೋಟು ಬಂದಾಗಲೇ ಅಕ್ಕ ಕಂಡುಕೊಂಡಿದ್ದಳು. ಹೇಳಿದರೆ ನೊಂದುಕೊಂಡಾನು ಎಂದು, ಎಡ ಭುಜದ ಅಸ್ತರಿನೊಳಗೆ ಹತ್ತಿಯ ತೆಳು ಮೆತ್ತೆಯೊಂದನ್ನು ಇಟ್ಟು ಹೊಲಿದಳು. ಕೋಟು ನೇರ ಕೂತಿತು. ಅದಾದ ಮೇಲೆ ಅವನ ಕೋಟು ಬಂದಾಗಲೆಲ್ಲ ಹಳೆಯ ಮೆತ್ತೆ ತೆಗೆದು ಹೊಸದು ಇಡುವುದು ರೂಢಿಯಾಯಿತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅವನಿಗೂ.

ಮಿಕ್ಕದ್ದನ್ನೂ ಹೇಳಿರಲಿಲ್ಲ. ಅದಕ್ಕೆ ಅವಳದೇ ಒಂದು ಲೆಕ್ಕಾಚಾರವಿತ್ತು. ಎಂಟು ವರ್ಷದಿಂದ ಅವಳ ವಾಸದ ಪರವಾನಗಿ ಅಂಗಡಿಯೊಡತಿಯ ಸಹಿಯ ಮೇಲೆ ನಿಂತಿತ್ತು. ವರ್ಷ ವರ್ಷವೂ ಹೊಸ ಮುದ್ರೆ, ಹೊಸ ಭಯ. ತನ್ನ ಹೆಸರಿನಲ್ಲೇ ಕಾಯಂ ಕಾಗದ ಬರಲಿ, ಆಮೇಲೆ ಮಾತಾಡಿದರಾಯಿತು. ಈಗ ಬಾಯಿಬಿಟ್ಟರೆ ಕಾಗದಕ್ಕಾಗಿ ಗಂಟುಬಿದ್ದಳು ಅಂದುಕೊಂಡರೆ? ಇನ್ನು ಎರಡು ವರ್ಷ ಉಳಿದಿತ್ತು. ಎರಡು ವರ್ಷ ಏನು ಮಹಾ, ಅಂದುಕೊಂಡಿದ್ದಳು.

ಅಷ್ಟರಲ್ಲಿ ಚೂಟಿ ಬಂದಳು. ಎರಡನೆಯ ವಾರವೇ, ಕೀಲಿ ಒಳಗಿಟ್ಟು ಅಂಗಡಿಯ ಬಾಗಿಲು ಎಳೆದುಬಿಟ್ಟಳು. ಅಕ್ಕತಂಗಿಯರಿಬ್ಬರೂ ಮನೆಚಪ್ಪಲಿಯಲ್ಲಿ ಬೀದಿಯಲ್ಲಿ ನಿಂತರು. ಬೀಗದವನು ಬಂದು ಎರಡೇ ನಿಮಿಷದಲ್ಲಿ ತೆಗೆದುಕೊಟ್ಟ.

“ಇಷ್ಟು ಸುಲಭವಾ?” ಎಂದಳು ಚೂಟಿ. “ಹಾಗಾದ್ರೆ ಬೀಗ ಯಾಕ್ರೀ ಹಾಕ್ಬೇಕು?”

“ಬೀಗ ಒಳ್ಳೆಯವರಿಗೆ ಕಣವ್ವಾ. ಕಳ್ಳರಿಗೆ ಯಾವತ್ತೂ ಅಲ್ಲ.”

ಚೂಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅವನ ಮುಖದೆದುರೇ. ಇಷ್ಟು ವರ್ಷದಲ್ಲಿ ತಾನು ಒಂದು ಸಲವೂ ಕೀಲಿ ಮರೆತಿರಲಿಲ್ಲ ಎಂಬುದು ಅಕ್ಕನಿಗೆ ಆಮೇಲೆ ಹೊಳೆಯಿತು.

ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ರಾಜಕುಮಾರ ಯಾವಾಗಲೂ ಕೊನೆಯವಳನ್ನೇ ಮದುವೆಯಾಗುತ್ತಿದ್ದ. ಏಳು ಸಮುದ್ರ ದಾಟಿ ಬಂದರೂ ಅವನ ಕಣ್ಣಿಗೆ ಬೀಳುತ್ತಿದ್ದವಳು ಕಿರಿಯವಳೇ. “ಮತ್ತೆ ಅಕ್ಕಂದಿರು ಏನಾದ್ರಜ್ಜಿ?” ಎಂದು ಅಕ್ಕ ಒಮ್ಮೆ ಕೇಳಿದ್ದಳು. “ಅವರಾ? ಕತೆ ಕೇಳ್ತಾ ಕೂತಿದಾರೆ. ನೀನು ಕಣ್ಮುಚ್ಚು,” ಎಂದಿದ್ದಳು ಅಜ್ಜಿ. ಆ ಹೊತ್ತಿಗೆ ಚೂಟಿ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಅವಳಿಗೆ ಕತೆ ಕೇಳುವ ಅಗತ್ಯವೇ ಇರಲಿಲ್ಲವೇನೋ.

ಮದುವೆಯಾಗುತ್ತೇವೆ ಎಂದು ಚೂಟಿ ಹೇಳಿದಾಗ ಅಕ್ಕ ಇಸ್ತ್ರಿ ಮಾಡುತ್ತಿದ್ದಳು. “ಒಳ್ಳೇದಾಯ್ತು,” ಎಂದಳು. ಯಾರದೋ ಬಿಳಿ ಕಾಲರಿನ ಮೇಲೆ ಕಂದು ಬಣ್ಣದ ತ್ರಿಕೋನ ಮೂಡಿತು. ಮದುವೆಯ ಬಟ್ಟೆಯನ್ನು ಅವಳೇ ಹೊಲಿದಳು. ಅಳತೆ ತಪ್ಪಿಸಬೇಕು ಅನಿಸಿತ್ತು, ಕೈ ಕೇಳಲಿಲ್ಲ. ಮದುವೆಯ ದಿನ ಸಹಿ ಹಾಕಿ ಹೊರಬಂದ ಮೇಲೆ ಬೀಗದವನು ಇವಳ ಮುಂದೆ ನಿಂತು, ಮೊದಲ ಸಲ, “ಅಕ್ಕಾ” ಎಂದ. ಅವಳಿಗಿಂತ ಎರಡು ವರ್ಷ ದೊಡ್ಡವನು.

ಬುಧವಾರ ಮಧ್ಯಾಹ್ನ ಅಕ್ಕ ಇನ್ನೊಂದು ಹಾಳೆ ತೆಗೆದುಕೊಂಡಳು. ಈ ಸಲ ಪೆನ್ನು ಎಲ್ಲೂ ತಡೆಯಲಿಲ್ಲ. ಪುಟ ತುಂಬಿದ ಮೇಲೆ ಓದಿ ಕೂಡ ನೋಡದೆ, ಸಂಜೆ ಚೂಟಿಯ ಕೈಗೆ ಕೊಟ್ಟಳು.

ಚೂಟಿ ಗಟ್ಟಿಯಾಗಿ ಓದತೊಡಗಿದಳು. “‘ಅವರು ಯೋಚನೆ ಮಾಡುವಾಗ ಕೋಟಿನ ಎರಡನೆಯ ಗುಂಡಿ ತಿರುಗಿಸುತ್ತಾರೆ. ಆದ್ದರಿಂದ ಅದು ವರ್ಷಕ್ಕೆ ನಾಲ್ಕು ಸಲ ಕಿತ್ತುಬರುತ್ತದೆ. ಚಹಾ ಪೂರ್ತಿ ಆರಿದ ಮೇಲೇ ಕುಡಿಯುತ್ತಾರೆ.’ ಅಯ್ಯೋ ಹೌದಲ್ಲಾ! ‘ತಾಯಿ ತೀರಿಕೊಂಡ ವಾರ ಕರಿ ಕೋಟು ತಂದು, ಏನು ಮಾಡಬೇಕೆಂದು ಹೇಳದೆ ಒಂದು ಗಂಟೆ ಸ್ಟೂಲಿನ ಮೇಲೆ ಕೂತಿದ್ದರು. ಆ ದಿನ ನಾನು...’”

ದನಿ ಸಣ್ಣದಾಯಿತು. ಉಳಿದದ್ದನ್ನು ಅವಳು ಮನಸ್ಸಿನಲ್ಲೇ ಓದಿಕೊಂಡಳು. ಹಾಳೆ ಮಗುಚಿ ಹಿಂದೆಯೂ ನೋಡಿದಳು.

“ಇದ್ರಲ್ಲಿ ನಾನೆಲ್ಲಿದ್ದೀನಿ ಅಕ್ಕಾ?”

ಅಕ್ಕ ಹೊಲಿಗೆಯಂತ್ರದ ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಆಗಲೇ ಇತ್ತು.

“ಒಂದು ಮಾತು ಹೇಳಬಾರದಿತ್ತಾ?” ಎಂದಳು ಚೂಟಿ.

“ಹೇಳಿದ್ರೆ ಬಿಟ್ಟುಕೊಡ್ತಿದ್ದೆಯಾ?”

ಚೂಟಿ ಯೋಚಿಸಿದಳು. ಅವಳು ಯೋಚಿಸುವುದೇ ಅಪರೂಪ, ಯೋಚಿಸಿದಾಗ ಸುಳ್ಳು ಹೇಳುತ್ತಿರಲಿಲ್ಲ.

“ಮೊದಲ್ನೇ ವಾರ ಹೇಳಿದ್ರೆ ಅವನ ಕಡೆ ನೋಡ್ತಾನೇ ಇರ್ಲಿಲ್ಲ. ಆಮೇಲೆ ಆದ್ರೆ... ಇಲ್ಲ.”

“ಎಂಟು ವರ್ಷ ಕಣೇ. ಬಾಗಿಲು ಕಾಯ್ತಾ ಕೂತಿದೀನಿ ನಾನು. ನೀನು ನೆಂಟರ ಹಾಗೆ ಬಂದೆ, ಚಪ್ಪಲಿ ಬಿಟ್ಟೆ, ಒಳಗೆ ಹೋದೆ. ಮನೆಯೂ ನಿಂದೇ, ಮನೆಯವರೂ ನಿನ್ನವರೇ.”

“ನಾನೇನು ಕದ್ದೆನಾ? ನೀನು ಬೀಗ ಹಾಕ್ಕೊಂಡು ಕೂತಿದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?” ಚೂಟಿಯ ಕಣ್ಣು ತುಂಬಿತ್ತು. ಹಾಳೆಯನ್ನು ಮೇಜಿನ ಮೇಲಿಟ್ಟಳು. “ಇದನ್ನ ಕೊಟ್ರೆ ಕಚೇರಿಯವರು ನಿನ್ನನ್ನೇ ಅವನಿಗೆ ಮದುವೆ ಮಾಡಿಸ್ತಾರೆ.”

ಇಬ್ಬರಿಗೂ ನಗು ತುಟಿಯವರೆಗೆ ಬಂದು, ಅಲ್ಲೇ ನಿಂತಿತು. ಚೂಟಿ ಹೊರಟುಹೋದಳು. ಅಕ್ಕ ಸೀಮೆಸುಣ್ಣದ ಡಬ್ಬಿ ಎತ್ತಿ ಕೆಳಗಿನ ಹಾಳೆ ಬಿಡಿಸಿದಳು. ಒಂದೇ ಸಾಲು. ಸಹಿ ಹಾಕಿದರೆ ಸಾಕು. ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡೇ ಕೂತಿದ್ದು, ಕೊನೆಗೆ ಹಾಳೆಯನ್ನು ಇದ್ದಲ್ಲೇ ಇಟ್ಟಳು.

ಗುರುವಾರ ಬೆಳಿಗ್ಗೆ ಬೀಗದವನು ಕರಿ ಕೋಟು ಹಿಡಿದು ಬಂದ.

“ಎರಡನೇ ಗುಂಡಿ ಅಕ್ಕಾ. ನಾಳೆ ಕಚೇರಿಗೆ ಹೋಗ್ಬೇಕಲ್ಲ, ಭಯಕ್ಕೆ ತಿರುಗಿಸಿ ತಿರುಗಿಸಿ ಕೈಗೇ ಬಂತು.”

ಅವನ ಮುಖದಲ್ಲಿ ಹೊಸದೇನೂ ಇರಲಿಲ್ಲ. ಚೂಟಿ ಏನೂ ಹೇಳಿಲ್ಲ ಎಂದು ಅಕ್ಕನಿಗೆ ತಿಳಿಯಿತು. ಗುಂಡಿ ಹೊಲಿದಳು. ಮಡಚುವ ಮೊದಲು ರೂಢಿಯಂತೆ ಅಂಗೈ ಎಡ ಭುಜದ ಮೇಲೆ ಹೋಯಿತು. ಮೆತ್ತಗಿರಬೇಕಾದ ಜಾಗದಲ್ಲಿ ಬರೀ ಬಟ್ಟೆ. ಒಳಮಗ್ಗುಲು ತಿರುಗಿಸಿದಳು. ಅಸ್ತರನ್ನು ಬಿಚ್ಚಿ ಮತ್ತೆ ಹೊಲಿದಿದ್ದರು. ಒಂದು ಉದ್ದ, ಒಂದು ಗಿಡ್ಡ, ಕುಂಟಿಕೊಂಡು ಹೋಗುವ ಹೊಲಿಗೆ. ಅಮ್ಮ ಎಷ್ಟು ಬೈದರೂ ಚೂಟಿಯ ಹೊಲಿಗೆ ನೇರವಾಗುತ್ತಿರಲಿಲ್ಲ.

“ಇದನ್ನ ಬಿಚ್ಚಿದ್ದು ಯಾರು?”

“ನಿಮ್ಮ ತಂಗೀನೇ!” ಬೀಗದವನು ನಾಚಿಕೊಂಡ. “ಬಸ್ಸಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ಮಲಗ್ತಾಳೆ ನೋಡಿ, ಹತ್ತಿ ಗಂಟುಕಟ್ಟಿ ಕಿವಿಗೆ ಒತ್ತುತ್ತಂತೆ. ಇಲ್ಲೇನೋ ಇದೆ ಇಲ್ಲೇನೋ ಇದೆ ಅಂತ ಹೋದ ವಾರ ಕತ್ತರಿ ತಗೊಂಡು ಕೂತೇಬಿಟ್ಟಳು. ಈಗ ನೋಡಿ, ತನ್ನ ತಲೆ ಇಡೋಕೆ ಅಂತಲೇ ಜಾಗ ಇಳಿಜಾರಾಗಿದೆ ಅಂತಾಳೆ. ನಿಲ್ದಾಣ ದಾಟಿ ಹೋದ್ರೂ ನಾನು ಅಲ್ಲಾಡಲ್ಲ. ಮೊನ್ನೆ ಊರಾಚೆ ಡಿಪೋವರೆಗೂ ಹೋಗಿ ಬಂದ್ವಿ.” ಅವನು ಕಿಸೆಗೆ ಕೈ ಹಾಕಿ, ಕರ್ಚೀಫಿನಲ್ಲಿ ಸುತ್ತಿದ್ದ ಮೆತ್ತೆ ತೆಗೆದು ಮೇಜಿನ ಮೇಲಿಟ್ಟ. ಬಳಸಿ ಬಳಸಿ ಚಪ್ಪಟೆಯಾಗಿತ್ತು. “ನೀವು ಇಟ್ಟಿದ್ದಾ?”

“ಕೋಟು ನೇರ ಕೂರಲಿ ಅಂತ.”

“ಅಯ್ಯೋ ನನ್ನ ತಾಯೀ, ಇಷ್ಟು ವರ್ಷ ಹೊತ್ಕೊಂಡು ತಿರುಗಿದೀನಿ, ನಂಗೇ ಗೊತ್ತಿಲ್ಲ! ನಾನು ಸೊಟ್ಟಗಿದ್ದೀನಿ ಅಂತ ಮುಖಕ್ಕೇ ಹೇಳಬಾರದಿತ್ತಾ?”

“ಹೇಳೋಕಾಗ್ಲಿಲ್ಲ,” ಎಂದಳು ಅಕ್ಕ.

ಅವನು ಕೋಟು ತೊಟ್ಟುಕೊಂಡ. ಎಡಗಡೆ ಅರ್ಧ ಇಂಚು ಇಳಿದೇ ಇತ್ತು. ಹಾಗೇ ಬೀದಿಗಿಳಿದು ಹೋದ.

ಅಕ್ಕ ಹೊಸ ಹಾಳೆ ತೆಗೆದುಕೊಂಡಳು. ಈ ದೇಶದ ಭಾಷೆಯಲ್ಲಿ, ಗುರುತಿನ ಮೇಲೆ ಕತ್ತರಿ ಹೋದ ಹಾಗೆ, ನಿಧಾನವಾಗಿ ಬರೆದಳು. ಮೂರನೆಯ ವಾರ ತಂಗಿ ಕೇಳಿದ್ದನ್ನೂ ಬರೆದಳು. ಈ ಸಲ ಸೇಬು ಮತ್ತು ನಗುವಿನ ಸಮೇತ. ಕೊನೆಯ ಸಾಲುಗಳು ಹೀಗಿದ್ದವು: ‘ಈ ಮನುಷ್ಯನ ಎಡ ಭುಜ ಅರ್ಧ ಇಂಚು ಇಳಿದಿದೆ. ದರ್ಜಿಯಾದ ನಾನು ನಾಲ್ಕು ವರ್ಷ ಅದನ್ನು ಯಾರಿಗೂ ಕಾಣದಂತೆ ಮುಚ್ಚಿದೆ. ನನ್ನ ತಂಗಿ ಮುಚ್ಚಿದ್ದನ್ನು ಬಿಚ್ಚಿ, ಅದರ ಮೇಲೆ ತಲೆಯಿಟ್ಟು ಮಲಗುತ್ತಾಳೆ. ಅವಳಿಗೆ ಎಚ್ಚರವಾದೀತೆಂದು ಅವನು ಬಸ್ಸಿನಿಂದ ಇಳಿಯುವುದಿಲ್ಲ. ಈ ಮದುವೆ ನಿಜವಾದದ್ದು.’ ಕೆಳಗೆ ಸಹಿ ಹಾಕಿದಳು.

ಸಂಜೆ ಬಿಸಿಲಿರುವಾಗಲೇ ಚೂಟಿ ಬಂದಳು. ನಿಂತುಕೊಂಡೇ ಓದಿದಳು. ಎರಡನೆಯ ಸಲ ಓದಿದಳು. ಕಿವಿಯ ಹಿಂದೆ ಕೂದಲು ಸರಿಸಿಕೊಂಡು, ಕಾಗದವನ್ನು ಎದೆಗೆ ಒತ್ತಿ ಹಿಡಿದಳು.

“ಹೋಗಿ ಬರ್ತೀನಿ ಅಕ್ಕಾ.”

“ಕೀಲಿ ತಗೊಂಡಿದೀಯಾ?”

“ಹ್ಞೂಂ,” ಎಂದು ಚೂಟಿ ಕೀಲಿ ಎತ್ತಿ ತೋರಿಸಿದಳು. ಬಾಗಿಲ ಗಂಟೆ ಅಲುಗಾಡಿ ನಿಂತಿತು.

ಅಕ್ಕನ ಮೇಜಿನ ಮೇಲೆ ಗುಂಡುಸೂಜಿ ಚುಚ್ಚಿಡುವ ಪುಟ್ಟ ದಿಂಬೊಂದಿತ್ತು. ಹೊಟ್ಟು ಉದುರಿ ಉದುರಿ ಒಳಗೆ ಏನೂ ಉಳಿದಿರಲಿಲ್ಲ. ಅವಳು ಅದರ ಒಂದು ಮಗ್ಗುಲು ಬಿಚ್ಚಿ, ಚಪ್ಪಟೆ ಮೆತ್ತೆಯ ಹತ್ತಿಯನ್ನು ಹಿಂಜಿ ಹಿಂಜಿ ತುಂಬಿದಳು. ಇನ್ನೂ ಜಾಗ ಉಳಿಯಿತು. ಸೀಮೆಸುಣ್ಣದ ಡಬ್ಬಿಯ ಕೆಳಗಿನ ಹಾಳೆಯನ್ನು ತೆಗೆದು, ಚೂರು ಚೂರು ಹರಿದು ಅದನ್ನೂ ಒಳಗೆ ತುರುಕಿ, ಬಾಯಿ ಹೊಲಿದಳು. ಗೋಡೆಯ ಆಚೆ ಕೀಲಿ ಕಡೆಯುವ ಯಂತ್ರ ಶುರುವಾಯಿತು. ಮೇಜಿನ ತುಂಬ ಚೆಲ್ಲಿದ್ದ ಗುಂಡುಸೂಜಿಗಳು ನಡುಗತೊಡಗಿದವು. ಅಕ್ಕ ಅವನ್ನು ಒಂದೊಂದಾಗಿ ಆರಿಸಿ ದಿಂಬಿಗೆ ಚುಚ್ಚುತ್ತ ಹೋದಳು. ಪ್ರತಿ ಸೂಜಿ ಇಳಿಯುವಾಗಲೂ ಒಳಗೆ ಕಾಗದ ಸಣ್ಣಗೆ ಚರಕ್ ಎನ್ನುತ್ತಿತ್ತು.